ಹಣ್ಣು-ಮಸಾಲೆ ಮಫಿನ್: ಮೊದಲು ಹಣ್ಣಿನ ನೀರು ಇಳಿಸಿ

ಹಣ್ಣು ಹಾಕಿದ ಮಫಿನ್ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ. ಹಣ್ಣಿನ ಒಳಗಿರುವ ನೀರನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85 ಪಾಲು ನೀರು. 250 ಗ್ರಾಂ ಸೇಬು ಹೆಚ್ಚಿ ಹಿಟ್ಟಿಗೆ ಸುರಿದರೆ ಅದರ ಜೊತೆ 200 ಮಿ.ಲೀ.ಗಿಂತ ಜಾಸ್ತಿ ನೀರೂ ಹೋಯಿತು ಅಂತಲೇ ಅರ್ಥ. ಅಷ್ಟೂ ನೀರು ಹೊರಗೆ ಬರುವುದಿಲ್ಲ ನಿಜ, ಆದರೆ ಓವನ್ನಿನ ಬಿಸಿಗೆ ಅದರಲ್ಲಿ ಸ್ವಲ್ಪ ಇಳಿದರೂ ತುಂಡಿನ ಸುತ್ತಲಿನ ಹಿಟ್ಟು ಬೇಯದೆ ಅಂಟಂಟಾಗಿ ಉಳಿದುಬಿಡುತ್ತದೆ.

ನಾನು ಮೊದಲ ಸಲ ಮಾಡಿದಾಗ ಆಗಿದ್ದೂ ಅದೇ. ಸೇಬನ್ನು ತುರಿದು, ಹಿಂಡದೆ, ರುಚಿ ಜಾಸ್ತಿ ಬರಲಿ ಅಂತ ಅಳತೆಗಿಂತ ಹೆಚ್ಚೇ ಹಾಕಿದ್ದೆ. ಮೇಲೆ ಚಂದದ ಬಣ್ಣ ಬಂತು, ಮುರಿದು ನೋಡಿದರೆ ನಡುವೆ ಹಸಿ ಹಿಟ್ಟು. ಮತ್ತೆ ಹತ್ತು ನಿಮಿಷ ಒಳಗಿಟ್ಟೆ. ಮೇಲ್ಭಾಗ ಕರಕಲಾಯಿತು, ಒಳಗೆ ಹಾಗೇ ಇತ್ತು. ಅವತ್ತು ನಿಜವಾಗಿ ಬೇಜಾರಾಗಿತ್ತು. ಆಮೇಲೆ ಒಂದು ಬದಲಾವಣೆ ಮಾಡಿಕೊಂಡೆ, ಈಗಲೂ ಅದನ್ನು ಬಿಟ್ಟಿಲ್ಲ: ಸೇಬನ್ನು ಮೊದಲೇ ಬೆಣ್ಣೆಯಲ್ಲಿ ಬಾಡಿಸಿಕೊಳ್ಳುತ್ತೇನೆ, ಮಸಾಲೆ ಪುಡಿಯನ್ನೂ ಅದೇ ಬಾಣಲೆಗೆ ಹಾಕುತ್ತೇನೆ. ನೀರೂ ಇಳಿಯುತ್ತದೆ, ಘಮವೂ ಏಳುತ್ತದೆ. ಎರಡು ಕೆಲಸ ಒಂದೇ ಬಾಣಲೆಯಲ್ಲಿ ಮುಗಿಯುತ್ತದೆ.

ಏನೇನು, ಎಷ್ಟೆಷ್ಟು

12ರಿಂದ 14 ಮಫಿನ್‌ಗೆ ಸಾಕಾಗುವ ಅಳತೆ ಇದು. 250 ಗ್ರಾಂ ಮೈದಾ, 120 ಗ್ರಾಂ ಕಂದು ಸಕ್ಕರೆ (ಇಲ್ಲದಿದ್ದರೆ ಬಿಳಿ ಸಕ್ಕರೆಯೇ ಆದೀತು), 2 ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು. ಮಸಾಲೆಗೆ 2 ಟೀ ಚಮಚ ಚಕ್ಕೆ ಪುಡಿ, 1 ಟೀ ಚಮಚ ಒಣಶುಂಠಿ ಪುಡಿ, ಕಾಲು ಟೀ ಚಮಚ ತುರಿದ ಜಾಯಿಕಾಯಿ, ಒಂದು ಚಿಟಿಕೆ ಲವಂಗದ ಪುಡಿ. ಹಸಿ ಸಾಮಾನಿನಲ್ಲಿ 2 ಮೊಟ್ಟೆ, 120 ಗ್ರಾಂ ಗಟ್ಟಿ ಮೊಸರು, 80 ಮಿ.ಲೀ. ಹಾಲು, 80 ಮಿ.ಲೀ. ವಾಸನೆಯಿಲ್ಲದ ಎಣ್ಣೆ. ಹಣ್ಣಿಗೆ ಮಧ್ಯಮ ಗಾತ್ರದ 2 ಸೇಬು, ಸಿಪ್ಪೆ ಬೀಜ ತೆಗೆದ ಮೇಲೆ ಸುಮಾರು 250 ಗ್ರಾಂ ಬರಬೇಕು, ಅದನ್ನು ಬಾಡಿಸಲು 40 ಗ್ರಾಂ ಬೆಣ್ಣೆ, ಜೊತೆಗೆ 50 ಗ್ರಾಂ ಒಣದ್ರಾಕ್ಷಿ. ಕಿತ್ತಳೆ ಇದ್ದರೆ ಅದರ ಸಿಪ್ಪೆಯ ಮೇಲ್ಪದರವನ್ನು ಒಂದಿಷ್ಟು ತುರಿದಿಟ್ಟುಕೊಳ್ಳಿ. ಕಿತ್ತಳೆ ಬಣ್ಣದ್ದನ್ನು ಮಾತ್ರ, ಒಳಗಿನ ಬಿಳಿ ಭಾಗ ಕಹಿ.

ತಕ್ಕಡಿ ಇದ್ದರೆ ದಯವಿಟ್ಟು ಬಳಸಿ. ಕಪ್ಪಿನಲ್ಲಿ ಮೈದಾ ಅಳೆಯುವುದು ನಂಬುವ ಹಾಗಿಲ್ಲ. ಚಮಚದಲ್ಲಿ ಹಗುರವಾಗಿ ತುಂಬಿದರೆ ಒಂದು ಕಪ್ಪಿಗೆ 120 ಗ್ರಾಂ ಬರುತ್ತದೆ, ಕಪ್ಪನ್ನೇ ಡಬ್ಬಿಯೊಳಗೆ ತುರುಕಿ ಎತ್ತಿದರೆ 150ರವರೆಗೂ ಹೋಗುತ್ತದೆ. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸ ಆಯಿತಲ್ವಾ? ಅಷ್ಟು ಸಾಕು ಮಫಿನ್ ಒಣಗಿ ಗಂಟಲಲ್ಲಿ ಸಿಕ್ಕಿಕೊಳ್ಳಲು.

ಬೆಣ್ಣೆ ಇರುವಾಗ ಎಣ್ಣೆ ಯಾಕೆ ಅಂತ ಅನಿಸಬಹುದು. ಬೆಣ್ಣೆ ರುಚಿಗೆ, ಎಣ್ಣೆ ಮೃದುತನಕ್ಕೆ. ತಣ್ಣಗಾದಾಗ ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ, ಎಣ್ಣೆ ಹಾಗೇ ತೆಳ್ಳಗೆ ಇರುತ್ತದೆ. ಅದಕ್ಕೇ ಎಣ್ಣೆ ಹಾಕಿದ ಮಫಿನ್ ಮಾರನೆಯ ದಿನವೂ ಮೆತ್ತಗಿರುತ್ತದೆ.

ಬೇಕಿಂಗ್ ಪೌಡರ್ ಡಬ್ಬಿ ತೆರೆದು ತುಂಬಾ ದಿನ ಆಗಿದ್ದರೆ ಮೊದಲು ಪರೀಕ್ಷೆ ಮಾಡಿ. ಒಂದು ಲೋಟ ಬಿಸಿ ನೀರಿಗೆ ಅರ್ಧ ಚಮಚ ಹಾಕಿ. ಬುಸ್ ಅಂತ ನೊರೆ ಎದ್ದರೆ ಸರಿ. ಸುಮ್ನೆ ಒಂದೆರಡು ಗುಳ್ಳೆ ಬಂದು ತಳಕ್ಕೆ ಕೂತರೆ ಎಸೆಯಿರಿ, ಅದನ್ನು ಎರಡು ಪಟ್ಟು ಹಾಕಿ ಸರಿದೂಗಿಸಲು ಹೋಗಬೇಡಿ. ಸೋಡಾಗೆ ಇದೇ ಪರೀಕ್ಷೆ ವಿನೆಗರ್‌ನಲ್ಲಿ ಮಾಡಬೇಕು, ಯಾಕೆಂದರೆ ಅದು ಉಬ್ಬಲು ಹುಳಿ ಬೇಕು. ಇಲ್ಲಿ ಆ ಹುಳಿ ಮೊಸರಿನಿಂದ ಬರುತ್ತದೆ. ಹುಳಿ ಕಡಿಮೆಯಾಗಿ ಸೋಡಾ ಜಾಸ್ತಿಯಾದರೆ ಮಫಿನ್ ಸೋಪಿನ ರುಚಿ ಹೊಡೆಯುತ್ತದೆ. ಕಾಲು ಚಮಚ ಅಂದರೆ ಕಾಲು ಚಮಚವೇ, ಕಣ್ಣಳತೆ ಬೇಡ.

ಬಾಣಲೆ ಕೆಲಸ

ನನ್ನ ಮಟ್ಟಿಗೆ ಮಫಿನ್ನಿನ ಅರ್ಧ ರುಚಿ ಇಲ್ಲೇ ತೀರ್ಮಾನ ಆಗುತ್ತದೆ, ಹಾಗಾಗಿ ಅವಸರ ಮಾಡಬೇಡಿ.

ಒಣದ್ರಾಕ್ಷಿಯನ್ನು ಮೊದಲು ಬಿಸಿ ನೀರಿನಲ್ಲಿ 15 ನಿಮಿಷ ನೆನೆಹಾಕಿ. ಒಣಗಿದ್ದನ್ನೇ ಹಾಕಿದರೆ ಅದು ಹಿಟ್ಟಿನ ನೀರು ಕುಡಿಯುತ್ತದೆ, ಮೇಲೆ ಕಾಣುವ ದ್ರಾಕ್ಷಿ ಸುಟ್ಟು ಕಹಿಯಾಗುತ್ತದೆ. ನೆಂದ ಮೇಲೆ ಸೋಸಿ, ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ. ಇಲ್ಲೂ ನೀರಿನ ಮಾತೇ ನೋಡಿ.

ಸೇಬನ್ನು ಕಿರುಬೆರಳಿನ ಉಗುರಿನಷ್ಟು, ಅಂದರೆ ಒಂದು ಸೆಂಟಿಮೀಟರ್‌ನ ಚೌಕ ತುಂಡು ಮಾಡಿ. ಇದಕ್ಕಿಂತ ದೊಡ್ಡದಾದರೆ ಹಿಟ್ಟಿನಲ್ಲಿ ಮುಳುಗುತ್ತದೆ, ಚಿಕ್ಕದಾದರೆ ಬಾಣಲೆಯಲ್ಲೇ ಕರಗಿ ಹೋಗುತ್ತದೆ. ಹುಳಿ ಸಿಹಿ ಎರಡೂ ಇರುವ ಗಟ್ಟಿ ಸೇಬು ಒಳ್ಳೆಯದು. ಮುಟ್ಟಿದರೆ ಮೆತ್ತಗಾಗುವ, ಹಿಟ್ಟುಹಿಟ್ಟಾಗಿರುವ ಸೇಬು ಬೆಂದರೆ ಗೊಜ್ಜಿನ ಹಾಗಾಗುತ್ತದೆ.

ಅಗಲವಾದ ಬಾಣಲೆಯಲ್ಲಿ 40 ಗ್ರಾಂ ಬೆಣ್ಣೆ ಕರಗಿಸಿ ಸೇಬು ಹಾಕಿ, ಅಳೆದಿಟ್ಟ ಸಕ್ಕರೆಯಿಂದಲೇ ಒಂದು ದೊಡ್ಡ ಚಮಚ ತೆಗೆದು ಅದಕ್ಕೆ ಉದುರಿಸಿ. ಸಕ್ಕರೆ ಹಣ್ಣಿನ ನೀರನ್ನು ಬೇಗ ಹೊರಗೆ ಎಳೆಯುತ್ತದೆ. ಉರಿ ಮಧ್ಯಮದಲ್ಲಿರಲಿ, ಮುಚ್ಚಳ ಮುಚ್ಚಬೇಡಿ. ಮೊದಲ ಎರಡು ಮೂರು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ, ಆಮೇಲೆ ಇದ್ದಕ್ಕಿದ್ದ ಹಾಗೆ ತುಂಡುಗಳ ಮಧ್ಯೆ ರಸ ತುಂಬಿಕೊಂಡು ಕುದಿಯಲು ಶುರುವಾಗುತ್ತದೆ. ಇಲ್ಲಿಗೇ ಒಲೆ ಆರಿಸಬೇಡಿ. ಸದ್ದು ಕೇಳುತ್ತಾ ನಿಲ್ಲಿ. ಕೊತಕೊತ ಅನ್ನುತ್ತಿದ್ದದ್ದು ನಿಧಾನವಾಗಿ ಸಣ್ಣಗೆ ಚಟಪಟ ಅನ್ನಲು ಶುರುಮಾಡುತ್ತದೆ. ಅಂದರೆ ನೀರು ಹೋಗಿ ಬೆಣ್ಣೆ ಉಳಿದಿದೆ. ಸೌಟಿನಿಂದ ಬಾಣಲೆಯ ನಡುವೆ ಒಂದು ಗೆರೆ ಎಳೆದರೆ ಆ ಗೆರೆ ಕೂಡಲೇ ತುಂಬಿಕೊಳ್ಳಬಾರದು. ನನ್ನ ಒಲೆಯಲ್ಲಿ ಇದಕ್ಕೆ 7ರಿಂದ 8 ನಿಮಿಷ ಬೇಕು.

ಈಗ ಉರಿ ಪೂರ್ತಿ ಸಣ್ಣ ಮಾಡಿ, ಮಸಾಲೆ ಪುಡಿಗಳನ್ನೆಲ್ಲ ಹಾಕಿ ಒಂದು ನಿಮಿಷ ಕೈಯಾಡಿಸಿ. ಚಕ್ಕೆ, ಲವಂಗ, ಜಾಯಿಕಾಯಿ ಎಲ್ಲದರ ಘಮ ಇರುವುದು ಅವುಗಳೊಳಗಿನ ಎಣ್ಣೆಯ ಅಂಶದಲ್ಲಿ. ಅದು ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಒಣ ಮೈದಾಗೆ ಪುಡಿ ಬೆರೆಸುವುದಕ್ಕೂ ಬಿಸಿ ಬೆಣ್ಣೆಗೆ ಹಾಕುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಮೂಗೇ ಹೇಳುತ್ತದೆ, ಪುಡಿ ಬಿದ್ದ ಹತ್ತು ಸೆಕೆಂಡಿಗೆ ಇಡೀ ಮನೆಗೆ ಗೊತ್ತಾಗುತ್ತದೆ. ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ, ಚಕ್ಕೆ ಪುಡಿ ಸೀದರೆ ಕಹಿ.

ಲವಂಗದ ವಿಷಯದಲ್ಲಿ ಕೈ ಬಿಗಿ ಇರಲಿ. ಅದರಲ್ಲಿರುವ ಯೂಜಿನಾಲ್ ನಾಲಿಗೆಯನ್ನು ಮರಗಟ್ಟಿಸುವಂಥದ್ದು, ಸ್ವಲ್ಪ ಹೆಚ್ಚಾದರೂ ಬೇರೆ ಯಾವ ರುಚಿಯೂ ಗೊತ್ತಾಗುವುದಿಲ್ಲ. ಜಾಯಿಕಾಯಿಯನ್ನು ಪುಡಿಯಾಗಿ ತರುವ ಬದಲು ಇಡಿಯಾಗಿ ತಂದಿಟ್ಟುಕೊಂಡು ಬೇಕಾದಾಗ ತುರಿಯಿರಿ. ಪುಡಿ ಮಾಡಿದ ಮೇಲೆ ಅದರ ಘಮ ಬೇಗ ಹಾರಿಹೋಗುತ್ತದೆ.

ಸೇಬನ್ನು ತಟ್ಟೆಗೆ ಹರಡಿ ತಣ್ಣಗಾಗಲು ಬಿಡಿ. ಬಾಣಲೆಗೆ ಅಂಟಿದ ಕಂದು ಬೆಣ್ಣೆಯನ್ನೂ ಕೆರೆದು ಹಾಕಿಕೊಳ್ಳಿ, ಘಮ ಎಲ್ಲಾ ಅದರಲ್ಲೇ ಇದೆ. ಬಿಸಿ ಇರುವಾಗಲೇ ಹಿಟ್ಟಿಗೆ ಹಾಕಿದರೆ ಬೇಕಿಂಗ್ ಪೌಡರ್ ಓವನ್ ಸೇರುವ ಮೊದಲೇ ಉಬ್ಬಿ ಮುಗಿಸುತ್ತದೆ.

ಕಲಸುವುದು, ಅಂದರೆ ಕಲಸದಿರುವುದು

ಓವನ್ನನ್ನು 210 ಡಿಗ್ರಿಗೆ ಕಾಯಲು ಇಟ್ಟೇ ಕಲಸಲು ಕೂರಿ. ಪೂರ್ತಿ ಕಾಯಲು 15ರಿಂದ 20 ನಿಮಿಷ ಬೇಕು. ಕಲಸಿದ ಹಿಟ್ಟು ಓವನ್‌ಗಾಗಿ ಕಾಯಬಾರದು, ಓವನ್ನೇ ಹಿಟ್ಟಿಗಾಗಿ ಕಾಯಬೇಕು.

ಇದಕ್ಕೆ ಕಾರಣ ಇದೆ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ರಸಾಯನ ತಜ್ಞರು ಯೀಸ್ಟ್ ಇಲ್ಲದೆ ಹಿಟ್ಟು ಉಬ್ಬಿಸುವ ಪುಡಿಯೊಂದನ್ನು ಮಾಡಿದರು. ಅವರ ಹೆಂಡತಿಗೆ ಯೀಸ್ಟ್ ಆಗಿಬರುತ್ತಿರಲಿಲ್ಲ. ಒಣ ಸೋಡಾ, ಒಣ ಹುಳಿ, ಎರಡೂ ಮೊದಲೇ ಸೇರಿಕೊಳ್ಳದಂತೆ ಮಧ್ಯೆ ಒಂದಿಷ್ಟು ಸ್ಟಾರ್ಚ್, ಇಷ್ಟೇ ಅದರ ಗುಟ್ಟು. ನೀರು ತಾಗಿದ ಕೂಡಲೇ ಗಾಳಿ ಏಳಲು ಶುರು. ಈಗ ಸಿಗುವ ಬಹಳಷ್ಟು ಬೇಕಿಂಗ್ ಪೌಡರ್ ಎರಡು ಸಲ ಕೆಲಸ ಮಾಡುತ್ತದೆ, ನೀರು ತಾಗಿದಾಗ ಒಮ್ಮೆ, ಓವನ್ನಿನ ಬಿಸಿಗೆ ಇನ್ನೊಮ್ಮೆ. ಆದರೂ ಮೊದಲ ಸಲದ ಗಾಳಿ ಬಟ್ಟಲಲ್ಲೇ ಹೋಗಿಬಿಟ್ಟರೆ ನಷ್ಟವೇ.

ಒಂದು ದೊಡ್ಡ ಬಟ್ಟಲಿಗೆ ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಜರಡಿ ಹಿಡಿಯಿರಿ. ಇನ್ನೊಂದರಲ್ಲಿ ಮೊಟ್ಟೆ, ಉಳಿದ ಸಕ್ಕರೆ, ಮೊಸರು, ಹಾಲು, ಎಣ್ಣೆ, ಕಿತ್ತಳೆ ಸಿಪ್ಪೆ ತುರಿ ಎಲ್ಲಾ ಹಾಕಿ ಚೆನ್ನಾಗಿ ಕಡೆಯಿರಿ. ಕೈ ನೋಯುವಷ್ಟು ಕಡೆಯುವ ಆಸೆ ಇದ್ದರೆ ಇಲ್ಲೇ ತೀರಿಸಿಕೊಳ್ಳಿ, ಮೈದಾ ಸೇರಿದ ಮೇಲೆ ಆ ಅವಕಾಶ ಇಲ್ಲ. ಮೊಟ್ಟೆ, ಮೊಸರು, ಹಾಲು ಫ್ರಿಜ್ಜಿನಿಂದ ಒಂದು ಗಂಟೆ ಮೊದಲೇ ಹೊರಗೆ ಬಂದಿರಲಿ.

ಒಣ ಹಿಟ್ಟಿನ ನಡುವೆ ಗುಳಿ ಮಾಡಿ ಹಸಿ ಮಿಶ್ರಣ ಸುರಿಯಿರಿ. ಅಗಲ ಸೌಟಿನಿಂದ ತಳದಿಂದ ಮೇಲಕ್ಕೆ ತಂದು ಮಗುಚಿ, ಬಟ್ಟಲನ್ನು ಸ್ವಲ್ಪ ತಿರುಗಿಸಿ, ಮತ್ತೆ ತಳದಿಂದ ಮೇಲಕ್ಕೆ. ಎಂಟು ಹತ್ತು ಸಲ ಮಗುಚಿದ ಮೇಲೆ ಅಲ್ಲಲ್ಲಿ ಇನ್ನೂ ಒಣ ಮೈದಾದ ಬಿಳಿ ಪಟ್ಟೆ ಕಾಣುತ್ತಿರುತ್ತದೆ. ಆಗಲೇ ಸೇಬು ದ್ರಾಕ್ಷಿ ಹಾಕಬೇಕು. ಪೂರ್ತಿ ಕಲೆತ ಮೇಲೆ ಹಣ್ಣು ಹಾಕಿದರೆ, ಹಣ್ಣು ಬೆರೆಸಲು ಕೈಯಾಡಿಸುವುದೇ ಹೆಚ್ಚಾಗುತ್ತದೆ. ಇನ್ನು ನಾಲ್ಕೈದು ಸಲ ಮಗುಚಿ, ಬಿಳಿ ಪಟ್ಟೆ ಮರೆಯಾದ ಕ್ಷಣಕ್ಕೆ ನಿಲ್ಲಿಸಿ. ಗಂಟು ಉಳಿದಿದೆಯಾ? ಇರಲಿ ಬಿಡಿ. ಸಣ್ಣ ಗಂಟುಗಳು ಬೇಯುವಾಗ ತಾವೇ ಕರಗುತ್ತವೆ.

ಇಷ್ಟು ಹೆದರಿಸುವುದು ಯಾಕೆ ಅಂದರೆ, ಮೈದಾಗೆ ನೀರು ಸೇರಿ ಕೈಯಾಡಿದಷ್ಟೂ ಗ್ಲುಟನ್ ಅನ್ನುವ ಎಳೆ ಗಟ್ಟಿಯಾಗುತ್ತಾ ಹೋಗುತ್ತದೆ. ಬ್ರೆಡ್ಡಿಗೆ ಅದು ಬೇಕು, ಮಫಿನ್‌ಗೆ ಬೇಡ. ಜಾಸ್ತಿ ಕಲಸಿದ ಮಫಿನ್ ಮೇಲೆ ಚೂಪಾಗಿ ಏಳುತ್ತದೆ, ಕತ್ತರಿಸಿದರೆ ಒಳಗೆ ಉದ್ದುದ್ದ ಸುರಂಗದ ಹಾಗೆ ತೂತು, ಅಗಿದರೆ ರಬ್ಬರು. ಮಿಕ್ಸರ್, ಬೀಟರ್ ಯಾವುದೂ ಈ ಹಂತದಲ್ಲಿ ಬೇಡ.

ಹಿಟ್ಟಿನ ಹದ ಹೇಗಿರಬೇಕು? ಚಮಚದಲ್ಲಿ ಎತ್ತಿ ಓರೆ ಮಾಡಿದರೆ ಹರಿಯಬಾರದು, ಒಂದು ಕ್ಷಣ ತಡೆದು ಗುಪ್ಪೆಯಾಗಿ ಬೀಳಬೇಕು. ಹಣ್ಣು ತಳಕ್ಕೆ ಇಳಿಯದ ಹಾಗೆ ಹಿಡಿದುಕೊಳ್ಳುವುದು ಈ ಹದವೇ. ಹಣ್ಣಿಗೆ ಮೈದಾ ಸವರಿ ಹಾಕಿದರೆ ಮುಳುಗುವುದಿಲ್ಲ ಅಂತಾರೆ. ಮಾಡಿ ನೋಡಿದ್ದೇನೆ, ತೆಳ್ಳಗಿನ ಹಿಟ್ಟಿನಲ್ಲಿ ಮೈದಾ ಸವರಿದ ಹಣ್ಣೂ ಮುಳುಗುತ್ತದೆ.

ಓವನ್ನಿನಲ್ಲಿ

ಅಚ್ಚಿಗೆ ಪೇಪರ್ ಕಪ್ ಇಡಿ, ಇಲ್ಲವೇ ಬೆಣ್ಣೆ ಸವರಿ. ಹಿಟ್ಟನ್ನು ಅಂಚಿಗೆ ಸ್ವಲ್ಪ ಕೆಳಗಿನವರೆಗೂ ತುಂಬಿ. ಮುಕ್ಕಾಲು ಭಾಗ ಸಾಕು ಅನ್ನುವುದು ತೆಳ್ಳಗಿನ ಕೇಕಿನ ಹಿಟ್ಟಿಗೆ ಸರಿ, ಇಂಥ ಗಟ್ಟಿ ಹಿಟ್ಟು ಪಕ್ಕಕ್ಕೆ ಚೆಲ್ಲದೆ ಮೇಲಕ್ಕೇ ಏಳುತ್ತದೆ. ಮೇಲೆ ಒಂದು ಚಿಟಿಕೆ ಸಕ್ಕರೆ ಉದುರಿಸಿದರೆ ತೆಳುವಾದ ಗರಿ ಪದರ ಬರುತ್ತದೆ, ಅದು ನನಗೆ ತುಂಬಾ ಇಷ್ಟ.

ನಡು ಅಂತಸ್ತಿನಲ್ಲಿಟ್ಟು 210 ಡಿಗ್ರಿಯಲ್ಲಿ 5 ನಿಮಿಷ. ಆಮೇಲೆ ಬಾಗಿಲು ತೆರೆಯದೆ 180ಕ್ಕೆ ಇಳಿಸಿ 13ರಿಂದ 15 ನಿಮಿಷ. ಮೊದಲ ಜೋರು ಬಿಸಿಗೆ ಅಂಚು ಬೇಗ ಗಟ್ಟಿಯಾಗುತ್ತದೆ, ನಡುವಿನ ಹಿಟ್ಟಿಗೆ ಮೇಲೆ ಹೋಗುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಗುಮ್ಮಟದ ಹಾಗೆ ಉಬ್ಬುವುದು ಹೀಗೆ. ಫ್ಯಾನ್ ಇರುವ ಓವನ್ ಆದರೆ ಎರಡೂ ಕಡೆ 20 ಡಿಗ್ರಿ ಕಡಿಮೆ ಇಡಿ. ಮನೆಯ ಓವನ್ನುಗಳ ಗುಂಡಿ ತೋರಿಸುವುದಕ್ಕೂ ಒಳಗಿನ ನಿಜವಾದ ಬಿಸಿಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲಿ. ಒಂದು ಓವನ್ ಥರ್ಮಾಮೀಟರ್ ತಂದು ಒಳಗೆ ನೇತುಹಾಕಿದರೆ ಎಷ್ಟೋ ಗೊಂದಲ ತೀರುತ್ತದೆ.

ಒಟ್ಟು 15 ನಿಮಿಷ ಆಗುವವರೆಗೆ ಬಾಗಿಲು ತೆರೆಯಬೇಡಿ. ನಡುಭಾಗ ಇನ್ನೂ ಹಸಿ ಇರುವಾಗ ತಣ್ಣನೆ ಗಾಳಿ ಹೊಕ್ಕರೆ ಉಬ್ಬಿದ್ದು ಕುಸಿಯುತ್ತದೆ. ಬೆಂದಿದೆಯಾ ಅಂತ ನೋಡಲು ಟೂತ್‌ಪಿಕ್ ಚುಚ್ಚುತ್ತೇವಲ್ಲ, ಹಣ್ಣಿನ ಮಫಿನ್‌ನಲ್ಲಿ ಅದೊಂದನ್ನೇ ನಂಬಬೇಡಿ. ಕಡ್ಡಿ ಸೇಬಿನ ತುಂಡಿಗೆ ಚುಚ್ಚಿಕೊಂಡರೆ ಬೆಂದಿದ್ದರೂ ಒದ್ದೆಯಾಗಿ ಬರುತ್ತದೆ. ಎರಡು ಮೂರು ಜಾಗದಲ್ಲಿ ಚುಚ್ಚಿ. ಬೆರಳಿನಿಂದ ನಡುವೆ ಮೆಲ್ಲಗೆ ಒತ್ತಿ, ಗುಳಿ ಬೀಳದೆ ಮತ್ತೆ ಮೇಲೆದ್ದರೆ ಆಯಿತು. ಅಡುಗೆ ಥರ್ಮಾಮೀಟರ್ ಇರುವವರಿಗೆ ಇನ್ನೂ ಸುಲಭ, ನಡುಭಾಗ 96ರಿಂದ 98 ಡಿಗ್ರಿ ಇದ್ದರೆ ಬೆಂದಿದೆ.

ಹೊರಗೆ ತೆಗೆದ ಮೇಲೆ 5 ನಿಮಿಷ ಅಚ್ಚಿನಲ್ಲೇ ಇರಲಿ, ಆಗ ಮುಟ್ಟಿದರೆ ಮುರಿಯುತ್ತದೆ. ಆಮೇಲೆ ಒಂದೊಂದನ್ನೇ ಎತ್ತಿ ಜಾಲರಿಯ ಮೇಲಿಡಿ. ಅಚ್ಚಿನಲ್ಲೇ ಮರೆತರೆ ಹಬೆ ಹೋಗಲು ಜಾಗವಿಲ್ಲದೆ ತಳ ಒದ್ದೆಯಾಗುತ್ತದೆ, ಬಾಣಲೆ ಮುಂದೆ ನಿಂತು ಅಷ್ಟು ಹೊತ್ತು ನೀರು ಇಳಿಸಿದ್ದೆಲ್ಲ ವ್ಯರ್ಥ.

ಬೇರೆ ಹಣ್ಣು, ಮೊಟ್ಟೆ ಇಲ್ಲದೆ, ಗೋಧಿ ಹಿಟ್ಟಿನಲ್ಲಿ

ಪೇರ್ ಹಣ್ಣಿಗೆ ಇದೇ ವಿಧಾನ, ರಸ ಜಾಸ್ತಿ ಇರುವುದರಿಂದ ಬಾಣಲೆಯಲ್ಲಿ ಎರಡು ಮೂರು ನಿಮಿಷ ಹೆಚ್ಚು. ಅನಾನಸ್‌ಗೂ ಅಷ್ಟೇ. ಬಾಳೆಹಣ್ಣನ್ನು ಬಾಡಿಸುವುದು ಬೇಡ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬಿದ ಹಣ್ಣು 200 ಗ್ರಾಂ ಕಿವುಚಿ ಹಸಿ ಮಿಶ್ರಣಕ್ಕೆ ಸೇರಿಸಿ, ಹಾಲು ಪೂರ್ತಿ ಬಿಟ್ಟುಬಿಡಿ. ಮಸಾಲೆಯನ್ನು ಆಗ 40 ಗ್ರಾಂ ಬೆಣ್ಣೆಯಲ್ಲಿ ಮಾತ್ರ ಬಿಸಿ ಮಾಡಿ, ಆರಿಸಿ ಹಾಕಿ.

ಬ್ಲೂಬೆರಿಯಂಥ ಸಣ್ಣ ಹಣ್ಣನ್ನು ಬೇಯಿಸಿದರೆ ಒಡೆಯುತ್ತದೆ, ಇಡಿಯಾಗಿಯೇ ಹಾಕಬೇಕು. ಫ್ರೀಜರ್‌ನಲ್ಲಿದ್ದದ್ದಾದರೆ ಕರಗಲು ಬಿಡದೆ ಕಲ್ಲಿನ ಹಾಗಿರುವಾಗಲೇ ಹಾಕಿ, ಬೇಯಲು ಒಂದೆರಡು ನಿಮಿಷ ಜಾಸ್ತಿ ಕೊಡಿ. ಕೆಲವೊಮ್ಮೆ ಅದರ ಸುತ್ತ ಹಿಟ್ಟು ಹಸಿರಾಗಿ ಕಾಣುತ್ತದೆ. ಹೆದರಬೇಡಿ, ಕೆಟ್ಟಿಲ್ಲ. ಆ ಹಣ್ಣಿನ ನೀಲಿ ಬಣ್ಣ ಸೋಡಾ ಜಾಸ್ತಿ ಇರುವ ಕಡೆ ಹಸಿರಿಗೆ ತಿರುಗುತ್ತದೆ, ಅಷ್ಟೇ. ಹಣ್ಣು ಯಾವುದೇ ಇರಲಿ, ಒಣದ್ರಾಕ್ಷಿ ಬಿಟ್ಟು ಅದರ ಒಟ್ಟು ತೂಕ ಮೈದಾದ ತೂಕವನ್ನು ಮೀರದಿರಲಿ.

ಮೊಟ್ಟೆ ಬೇಡದವರು ಮೊಸರನ್ನು 120ರಿಂದ 220 ಗ್ರಾಂಗೆ ಏರಿಸಿ, ಸೋಡಾ ಅರ್ಧ ಟೀ ಚಮಚ ಮಾಡಿ, ಎಣ್ಣೆ ಒಂದು ದೊಡ್ಡ ಚಮಚ ಹೆಚ್ಚಿಸಿ. ಬೇಯಲು ಎರಡು ಮೂರು ನಿಮಿಷ ಹೆಚ್ಚು ಬೇಕಾಗುತ್ತದೆ. ಎತ್ತರ ಸ್ವಲ್ಪ ಕಡಿಮೆ, ಒಳಗೆ ಸ್ವಲ್ಪ ಬಿಗಿ, ರುಚಿಗೆ ಮೋಸವಿಲ್ಲ. ಗೋಧಿ ಹಿಟ್ಟು ಹಾಕುವ ಆಸೆ ಇದ್ದರೆ ಅರ್ಧ ಮೈದಾ, ಅರ್ಧ ಗೋಧಿಯಿಂದ ಶುರುಮಾಡಿ. ತೌಡು ನೀರು ಹೀರುತ್ತದೆ, ಅದಕ್ಕೆ ಎರಡು ಮೂರು ಚಮಚ ಹಾಲು ಜಾಸ್ತಿ.

ಉಳಿದರೆ

ಪೂರ್ತಿ ತಣ್ಣಗಾದ ಮೇಲೆ ಡಬ್ಬಿಯ ತಳಕ್ಕೆ ಟಿಶ್ಯೂ ಹಾಸಿ ಒಂದೇ ಸಾಲಿನಲ್ಲಿ ಜೋಡಿಸಿ, ಮೇಲೂ ಒಂದು ಟಿಶ್ಯೂ ಮುಚ್ಚಿ. ಹೊರಗೆ ಎರಡು ದಿನ ಚೆನ್ನಾಗಿರುತ್ತದೆ, ಸೆಖೆ ಜಾಸ್ತಿ ಇದ್ದರೆ ಒಂದೇ ದಿನ ಅಂದುಕೊಳ್ಳಿ. ಮಸಾಲೆ ಒಳಗೆ ಇಳಿದು ಎರಡನೆಯ ದಿನವೇ ರುಚಿ ಜಾಸ್ತಿ ಅನ್ನುವುದು ನನ್ನ ಅನುಭವ. ಫ್ರಿಜ್ಜಿನಲ್ಲಿಟ್ಟರೆ ಸ್ಟಾರ್ಚ್ ಬೇಗ ಬಿಗಿದುಕೊಂಡು ಮಫಿನ್ ಒರಟಾಗುತ್ತದೆ. ತುಂಬಾ ದಿನಕ್ಕೆ ಬೇಕಾದರೆ ಒಂದೊಂದನ್ನೂ ಬಿಗಿಯಾಗಿ ಸುತ್ತಿ ಫ್ರೀಜರ್‌ಗೆ ಹಾಕಿ, ಎರಡು ತಿಂಗಳು ನಿಶ್ಚಿಂತೆ. ತಿನ್ನುವಾಗ 160 ಡಿಗ್ರಿ ಓವನ್‌ನಲ್ಲಿ 10ರಿಂದ 12 ನಿಮಿಷ ಬಿಸಿ ಮಾಡಿ. ಮೈಕ್ರೋವೇವ್‌ನಲ್ಲಿ ಬೇಗ ಆಗುತ್ತದೆ, ಆದರೆ ಮೇಲಿನ ಆ ಸಕ್ಕರೆಯ ಗರಿ ಪದರ ಮೆತ್ತಗಾಗಿಬಿಡುತ್ತದೆ.